ಎಲ್ಡರ್ ಮಾಹೆ ಒಬ್ಬನೇ ನಡೆದ ದಿನ

ನಮ್ಮ ಮನೆ ಕಾಚಿಗೂಡ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ. ಅಪ್ಪ ರೈಲ್ವೆಯಲ್ಲಿ ಗುಮಾಸ್ತರಾಗಿದ್ದಾಗ ಕಟ್ಟಿಸಿದ್ದು. ಅಪ್ಪ ಹೋದ ಮೇಲೆ ಕೆಳಗೆ ನಾನು, ಅವ್ವ ಇಬ್ಬರೇ ಇದ್ದೆವು. ಮೇಲಿನ ಎರಡು ಕೋಣೆ ಬಾಡಿಗೆಗೆ.

ಎರಡು ಸಾವಿರದ ಆರನೇ ಇಸವಿ, ಮೇ ತಿಂಗಳು. ಮಧ್ಯಾಹ್ನ ನಾಯಿ ಬೊಗಳುವ ಸದ್ದಿಗೆ ಹೊರಗೆ ಬಂದು ನೋಡಿದರೆ ಎದುರುಮನೆಯ ಗಿರಿಜಾಬಾಯಿಯ ಕಟ್ಟೆ ಹತ್ತಿ ಒಬ್ಬ ಭಾರೀ ಆಳು ನಿಂತಿದ್ದ. ಆರಡಿ ಮೀರಿದ ಎತ್ತರ, ಬಾಗಿಲಷ್ಟು ಅಗಲ. ಬಿಳಿ ಅಂಗಿ, ಕರಿ ಪ್ಯಾಂಟು, ಕೊರಳಿಗೆ ಟೈ, ಜೇಬಿನ ಮೇಲೆ ಕರಿ ಬಿಲ್ಲೆ. ಸೂಟ್‌ಕೇಸನ್ನು ಎದೆಗೆ ಅಪ್ಪಿಕೊಂಡಿದ್ದ. ಕೆಳಗೆ ಓಣಿಯ ಕುಂಟನಾಯಿ, ಅದೂ ಮುದಿ, ಬೊಗಳುತ್ತಿತ್ತು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ಪಕ್ಕದಲ್ಲಿದ್ದ ತೆಳ್ಳಗಿನ ಹುಡುಗ ನಾಯಿಯನ್ನು ಅಟ್ಟಿ, ಇವನ ಕೈ ಹಿಡಿದು ಇಳಿಸಿದ.

ಆ ತೆಳ್ಳಗಿನವನು ಶಾಂತಕುಮಾರ. ಬೀದರಿನವನು, ಇಪ್ಪತ್ತೆರಡು ವರ್ಷ, ಮನೆಯವರು ಅಜ್ಜನ ಕಾಲದಿಂದಲೂ ಕ್ರಿಶ್ಚಿಯನ್ನರು. ನಮ್ಮ ಅವ್ವ ಶರಣಬಸಮ್ಮನ ತವರು ಅಲ್ಲೇ ಹತ್ತಿರದ ಚಿಟಗುಪ್ಪ. ಹಿಂದಿನ ವಾರ ಅವನು ಬಂದು "ಅಮ್ಮಾರ, ಮನಿ ಖಾಲಿ ಐತೇನ್ರಿ" ಎಂದು ಕೇಳಿದ ಧಾಟಿಗೇ ಅವ್ವ ಕರಗಿ ಮನೆ ಕೊಟ್ಟಿದ್ದಳು. ಮಾರ್ಮನ್ ಅಂತ ಕರೆಯುವ ಒಂದು ಚರ್ಚಿನ ಪರವಾಗಿ ಎರಡು ವರ್ಷ ಸೇವೆ ಮಾಡುವವರು ಅವರು. ಆ ಚರ್ಚಿನಲ್ಲಿ ಹತ್ತೊಂಬತ್ತು ತುಂಬಿದ ಹುಡುಗರು ಮನೆ ಬಿಟ್ಟು, ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೋಗಬೇಕು. ಎಲ್ಲರಿಗೂ ಎಲ್ಡರ್ ಎಂದೇ ಹೆಸರು. ದೊಡ್ಡ ಆಳು ಪೆಸಿಫಿಕ್ ಸಮುದ್ರದ ಟೋಂಗಾ ಎಂಬ ದ್ವೀಪದಿಂದ ಬಂದವನು. ಬಿಲ್ಲೆಯ ಮೇಲೆ ಮಾಹೆ ಎಂದು ಬರೆದಿತ್ತು.

"ಮಾಹೆ ಅಂದ್ರ ತಿಂಗಳಲ್ಲೇನು?" ಎಂದಳು ಅವ್ವ. "ಹೆಸರಿಗಿ ಬ್ಯಾರೆ ಏನೂ ಸಿಗಲಿಲ್ಲೇನು ಇವರಪ್ಪಗ?"

ಶಾಂತಕುಮಾರ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಮಾಹೆ ನಗಲಿಲ್ಲ. ನಾಯಿ ಹೋದ ದಿಕ್ಕನ್ನೇ ನೋಡುತ್ತಿದ್ದ.

ಆಗ ನನಗೆ ಇಪ್ಪತ್ತೊಂಬತ್ತು. ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿದ್ದನ್ನು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿ ಟೈಪು ಮಾಡುವ ಕೆಲಸ ನನ್ನದು. ಊರ ತುಂಬ ಕಂಪ್ಯೂಟರಿನ ಗಾಳಿ ಎದ್ದಿದ್ದ ಕಾಲ ಅದು. ಹೈಟೆಕ್ ಸಿಟಿಯ ಗಾಜಿನ ಕಟ್ಟಡಗಳಿಗೆ ನನ್ನ ಡಿಗ್ರಿ ಸಾಲುತ್ತಿರಲಿಲ್ಲ. ಆದರೆ ಮನೆಯಲ್ಲೇ ಕೂತು ಮಾಡುವ ಈ ಕೆಲಸ ಸಿಕ್ಕಿತ್ತು. ನನ್ನ ಟೇಬಲ್ಲು ಕಿಟಕಿಯ ಪಕ್ಕ. ಕಿಟಕಿಗೆ ನೇರ ಗೇಟು. ಹಾಗಾಗಿ ಮಾಹೆಯ ಹೆದರಿಕೆಯನ್ನು ನಾಲ್ಕು ತಿಂಗಳು ದಿನಾ ಬೆಳಗ್ಗೆ ನೋಡಿದವಳು ನಾನು.

ಆರೂವರೆಗೆ ಏಳುತ್ತಿದ್ದರು. ಅರ್ಧ ಗಂಟೆ ವ್ಯಾಯಾಮ. ಮಾಹೆ ಮೇಲೆ ಜಿಗಿದರೆ ಕೆಳಗೆ ನಮ್ಮ ಅಡುಗೆಮನೆಯ ತಟ್ಟೆಗಳು ಸದ್ದು ಮಾಡುತ್ತಿದ್ದವು. ಆಮೇಲೆ ಓದು, ಪ್ರಾರ್ಥನೆ, ತೆಲುಗು ಪಾಠ. ಹತ್ತು ಗಂಟೆಗೆ ಹೊರಡಬೇಕು. ಇಬ್ಬರೂ ಇಳಿದು ಬರುತ್ತಿದ್ದರು. ಮಾಹೆ ಗೇಟಿನ ಚಿಲಕಕ್ಕೆ ಕೈ ಹಾಕಿ ಹಾಗೇ ನಿಂತುಬಿಡುತ್ತಿದ್ದ, ಒಂದು ನಿಮಿಷ, ಎರಡು ನಿಮಿಷ. ಬೆನ್ನಿನ ಅಂಗಿ ಆಗಲೇ ಒದ್ದೆ. ಶಾಂತಕುಮಾರ ಹಿಂದೆ ನಿಂತು ಕಾಯುತ್ತಿದ್ದ. ಒಂದು ದಿನವೂ ಅವಸರ ಮಾಡಿದ್ದನ್ನು ನಾನು ಕಾಣೆ.

ಅವರ ನಿಯಮಗಳು ಬಹಳ. ಚಹಾ ಇಲ್ಲ, ಕಾಫಿ ಇಲ್ಲ. ಮೊದಲ ದಿನ ಅವ್ವ ಕೊಟ್ಟ ಚಹಾ ಬೇಡವೆಂದಾಗ ಅವಳಿಗೆ ಸಿಟ್ಟು ಬಂದಿತ್ತು, ಆಮೇಲೆ ಮಜ್ಜಿಗೆ ಕೊಡಲು ಶುರು ಮಾಡಿದಳು. ಟಿವಿ ಇಲ್ಲ, ಸಿನಿಮಾ ಇಲ್ಲ. ಮನೆಗೆ ಫೋನು ವರ್ಷಕ್ಕೆ ಎರಡೇ ಸಲ. ವಾರಕ್ಕೊಮ್ಮೆ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಪತ್ರ. ಹೆಂಗಸು ಒಬ್ಬಳೇ ಇದ್ದ ಮನೆಯೊಳಗೆ ಕಾಲಿಡುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು, ಜೊತೆಗಾರನನ್ನು ಬಿಟ್ಟು ಒಬ್ಬನೇ ಎಲ್ಲಿಗೂ ಹೋಗುವಂತಿಲ್ಲ. ಒಬ್ಬನ ಕಣ್ಣಳತೆಯಲ್ಲಿ ಇನ್ನೊಬ್ಬ ಇರಲೇಬೇಕು. ಬೇರೆ ಹುಡುಗರಿಗೆ ಈ ನಿಯಮ ಬೇಸರ ತರಿಸುತ್ತದಂತೆ. ಮಾಹೆ ಅದರ ಆಸರೆಯಲ್ಲೇ ಬದುಕಿದ್ದ.

ಒಂದು ಭಾನುವಾರ ಸಂಜೆ ಮೆಟ್ಟಿಲ ಮೇಲೆ ಮಾತಿಗೆ ಕೂತಿದ್ದೆವು. ನಾನು ಕೆಳಗಿನ ಮೆಟ್ಟಿಲು, ಮಾಹೆ ಮೇಲಿನದು, ನಡುವೆ ಶಾಂತಕುಮಾರ.

"ಯಾವುದಕ್ಕೆ ಅಷ್ಟು ಹೆದರಿಕೆ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಅವನು ಯೋಚಿಸಿ ಒಂದೊಂದಾಗಿ ಹೇಳಿದ. ಅವನ ದ್ವೀಪದಲ್ಲಿ ರೈಲಿಲ್ಲ. ರಸ್ತೆಯಲ್ಲಿ ಒಂದು ಕಾರು ಬಂದರೆ ಅದು ಯಾರದೆಂದು ಎಲ್ಲರಿಗೂ ಗೊತ್ತು. ಇಲ್ಲಿ ರಸ್ತೆ ದಾಟುವಾಗ ಎಲ್ಲ ಕಡೆಯಿಂದ ಬಂದದ್ದು ತನ್ನ ಮೇಲೇ ಬರುತ್ತದೆ ಅನಿಸುತ್ತದೆ. ಜನ ತನ್ನ ಗಾತ್ರ ನೋಡಿ ನಿಂತು ದಿಟ್ಟಿಸುತ್ತಾರೆ. ತೆಲುಗಿನಲ್ಲಿ ಬಾಯಿ ತೆರೆಯಲು ಹೋದರೆ ಕಲಿತ ಮಾತು ಒಂದೂ ನೆನಪಾಗುವುದಿಲ್ಲ.

"ಹಾಗಾದರೆ ವಾಪಸು ಹೋಗಬಹುದಲ್ಲ?"

"ಅದು ಇದಕ್ಕಿಂತ ಹೆದರಿಕೆ," ಎಂದ. "ನಾನು ಹೊರಡುವಾಗ ಊರಿಗೆ ಊರೇ ಹಂದಿ ಕೊಯ್ದು ಹಬ್ಬ ಮಾಡಿತು. ಅಪ್ಪ ಚರ್ಚಿನಲ್ಲಿ ಎಲ್ಲರೆದುರು ಅತ್ತರು, ಹೆಮ್ಮೆಯಿಂದ. ಅವರ ಮುಂದೆ ಹೇಗೆ ಹೋಗಿ ನಿಲ್ಲಲಿ?"

ಅವರಿಬ್ಬರೂ ಕಂಡಕಂಡ ಬಾಗಿಲು ತಟ್ಟುತ್ತಿರಲಿಲ್ಲ. ಕರೆದವರ ಮನೆಗೆ ಮಾತ್ರ ಹೋಗುತ್ತಿದ್ದರು. ಚರ್ಚಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಯಾರಾದರೂ ಮನೆ ಬದಲಿಸುವುದಿದ್ದರೆ ಮಾಹೆ ಒಬ್ಬನೇ ಬೀರು ಹೊತ್ತು ಮೂರು ಮಹಡಿ ಹತ್ತುತ್ತಿದ್ದ. ನಮ್ಮನ್ನು ಅವರ ದೇವರ ಕಡೆಗೆ ಕರೆದದ್ದೂ ಇಲ್ಲ. ಅವ್ವ ಮೊದಲೇ "ನಮ್ಮದು ನಮಗಿರ್ಲಿ, ನಿಮ್ಮದು ನಿಮಗಿರ್ಲಿ" ಎಂದು ಮುಗಿಸಿದ್ದಳು.

ಜುಲೈಯಲ್ಲಿ ಇಬ್ಬರೂ ಉಪ್ಪಲ್ ಕಡೆ ಒಂದು ಮನೆಗೆ ಹೋಗಿ ವಾಪಸು ಬರುವಾಗ ಗಲ್ಲಿಯ ತುದಿಯಲ್ಲಿ ಆರೇಳು ಜನ ಅಡ್ಡ ನಿಂತರು. ಮತ ಬದಲಿಸಲು ಎಷ್ಟು ಕೊಡುತ್ತೀರಿ, ಯಾರು ಕಳಿಸಿದ್ದು ಎಂದು ಕೇಳಿದರು. ಶಾಂತಕುಮಾರ ತೆಲುಗಿನಲ್ಲಿ ನಿಧಾನವಾಗಿ ಉತ್ತರ ಕೊಡುತ್ತಾ ಹೋದ. ಒಬ್ಬ ಮಾಹೆಯ ಜೇಬಿನ ಬಿಲ್ಲೆ ಕಿತ್ತು ಚರಂಡಿಗೆ ಎಸೆದ. ಅಂಗಿಯ ಜೇಬು ಹರಿಯಿತು. ಮಾಹೆ ಎರಡೂ ಕೈ ಮೇಲೆತ್ತಿ ನಿಂತಿದ್ದನಂತೆ. ಅವನು ಕೈ ಎತ್ತಿದ್ದು ಹೊಡೆಯಲು ಎಂದುಕೊಂಡು ಅವರು ಒಂದು ಹೆಜ್ಜೆ ಹಿಂದೆ ಸರಿದರಂತೆ. ಅವರು ಅವನ ಮೈ ನೋಡಿ ಹೆದರಿದ್ದರು, ಅವನು ಅವರ ದನಿ ಕೇಳಿ ಹೆದರಿದ್ದ. ಒಬ್ಬ ಮುದುಕ ಬಂದು ಬೈದ ಮೇಲೆ ದಾರಿ ಬಿಟ್ಟರು.

ಮೂರು ದಿನ ಮಾಹೆ ಗೇಟಿನ ತನಕವೂ ಬರಲಿಲ್ಲ. ಮೇಲಿನಿಂದ ಅಳುವ ಸದ್ದು ಕೇಳಿ ಅವ್ವ ರೊಟ್ಟಿ, ಶೇಂಗಾ ಚಟ್ನಿ ಮೆಟ್ಟಿಲ ಮೇಲಿಟ್ಟು ಬಂದಳು. ನಾಲ್ಕನೇ ದಿನ ಇಳಿದು ಬಂದ. ಹರಿದ ಜೇಬನ್ನು ಕರಿ ದಾರದಲ್ಲಿ ಹೊಲಿದುಕೊಂಡಿದ್ದ. ಅಂದಿನಿಂದ ನಾಲ್ಕು ಜನ ಗಂಡಸರು ಒಟ್ಟಿಗೆ ನಿಂತಿದ್ದರೆ ಸಾಕು, ಶಾಂತಕುಮಾರನ ತೋಳು ಹಿಡಿದುಕೊಳ್ಳುತ್ತಿದ್ದ.

ಸೆಪ್ಟೆಂಬರಿನ ಮೊದಲ ವಾರ ಶಾಂತಕುಮಾರನಿಗೆ ಜ್ವರ ಬಂತು. ಮೈಕೈ ನೋವು, ಬಿಸಿಲಿಗೆ ಬಂದದ್ದು ಎಂದು ಮೂರು ದಿನ ತಳ್ಳಿದ. ಹೇಳಿದರೆ ಮಾಹೆ ಗಾಬರಿಯಾಗುತ್ತಾನೆ ಎಂದೇ ಮುಚ್ಚಿಟ್ಟಿದ್ದು. ನಾಲ್ಕನೇ ದಿನ ಗಣಪತಿ ಕಳಿಸುವ ದಿನ. ಹೈದರಾಬಾದಿನಲ್ಲಿ ಅವತ್ತು ಬೇರೆ ಏನೂ ನಡೆಯುವುದಿಲ್ಲ. ಊರ ಮೂಲೆಮೂಲೆಯಿಂದ ಲಾರಿಗಳ ಮೇಲೆ ಗಣಪತಿಗಳು ಹುಸೇನ್ ಸಾಗರದ ಕಡೆ ಹೊರಡುತ್ತವೆ. ರಸ್ತೆಗಳು ಬಂದ್, ಆಟೋ ಇಲ್ಲ, ಬಸ್ಸಿಲ್ಲ. ಅವ್ವ ಗಿರಿಜಾಬಾಯಿಯ ಜೊತೆ ಆಬಿಡ್ಸ್ ಕಡೆ ಮೆರವಣಿಗೆ ನೋಡಲು ಹೋಗಿದ್ದಳು. ಮನೆಯಲ್ಲಿ ನಾನೊಬ್ಬಳೇ.

ಮಧ್ಯಾಹ್ನ ಎರಡು ಗಂಟೆಗೆ ಮೇಲೆ ಏನೋ ಬಿದ್ದ ಸದ್ದಾಯಿತು. ಕ್ಷಣದಲ್ಲಿ ಮಾಹೆ ಮೆಟ್ಟಿಲ ಕೊನೆಯಲ್ಲಿ ನಿಂತಿದ್ದ, ತೋಳಿನಲ್ಲಿ ಶಾಂತಕುಮಾರ. ಬಾಗಿಲು ತೆರೆದೇ ಇತ್ತು. ಒಳಗೆ ಬರಲಿಲ್ಲ.

"ಸಿಸ್ಟರ್ ಅನುರಾಧಾ," ಎಂದ.

ಶಾಂತಕುಮಾರನ ವಸಡಿನಿಂದ ರಕ್ತ ಬರುತ್ತಿತ್ತು. ತೋಳಿನ ತುಂಬ ಸಣ್ಣ ಕೆಂಪು ಚುಕ್ಕೆ. ಏಳು ವರ್ಷ ಅಮೆರಿಕದ ಡಾಕ್ಟರುಗಳ ಮಾತು ಟೈಪು ಮಾಡಿದವಳಿಗೆ ಅದೇನೆಂದು ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಡೆಂಗ್ಯೂ. ಚಪ್ಪಲಿ ಮೆಟ್ಟಿ, ಬೀಗ ಹಾಕಿ, "ನನ್ನ ಹಿಂದೆ ಬಾ" ಎಂದೆ. ನರ್ಸಿಂಗ್ ಹೋಮು ಹತ್ತು ನಿಮಿಷದ ದಾರಿ. ಮಾಹೆ ಅವನನ್ನು ಹೊತ್ತುಕೊಂಡೇ ನಡೆದ.

ಡಾಕ್ಟರು ರಕ್ತ ಪರೀಕ್ಷೆ ಮಾಡಿ ನನ್ನನ್ನು ಕರೆದರು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಹತ್ತು ಸಾವಿರಕ್ಕೆ ಇಳಿದಿವೆ, ರಕ್ತ ಸೋರುತ್ತಿದೆ, ಸಂಜೆಯೊಳಗೆ ಹೊರಗಿನಿಂದ ಪ್ಲೇಟ್‌ಲೆಟ್ ಕೊಡಲೇಬೇಕು ಎಂದರು. ಅವರಲ್ಲಿ ಬ್ಲಡ್ ಬ್ಯಾಂಕ್ ಇರಲಿಲ್ಲ. ಇದ್ದದ್ದು ಹಿಮಾಯತ್‌ನಗರದ ಕಡೆ, ನಾರಾಯಣಗೂಡ ಚೌರಸ್ತೆ ದಾಟಿ ಹೋಗಬೇಕು. ಫೋನು ಮಾಡಿದರೆ ನಾಲ್ಕು ಚೀಲ ಇದೆ, ಬಂದು ಒಯ್ಯಿರಿ ಎಂದರು. ಆಸ್ಪತ್ರೆಯಲ್ಲಿ ಕಳಿಸಲು ಆಳಿರಲಿಲ್ಲ, ಅರ್ಧ ಜನ ರಜೆ. ಪೇಷಂಟಿನ ಹತ್ತಿರ ತೆಲುಗು ಬಲ್ಲವರು ಇರಲೇಬೇಕು, ಸಹಿಗೂ ಬೇಕು ಎಂದರು ಡಾಕ್ಟರು. ಈ ಹುಡುಗರ ಚರ್ಚಿನ ಬೆಂಗಳೂರಿನ ಆಫೀಸಿಗೆ ಮಾಡಿದ ಫೋನು ತಗುಲಲಿಲ್ಲ, ಇಲ್ಲಿನ ಚರ್ಚಿನವರೂ ಸಿಗಲಿಲ್ಲ. ಅವ್ವನ ಹತ್ತಿರ ಫೋನೇ ಇಲ್ಲ.

ಉಳಿದವನು ಮಾಹೆ. ನನ್ನದೊಂದು ಮಾತು ಇಲ್ಲಿ ಹೇಳಬೇಕು. ಆ ಜನಜಂಗುಳಿಯಲ್ಲಿ ಒಬ್ಬಳೇ ಹೋಗಲು ನನಗೂ ಧೈರ್ಯವಿರಲಿಲ್ಲ. ಡಾಕ್ಟರು ಇಲ್ಲೇ ಇರು ಎಂದಾಗ ಒಳಗೊಳಗೆ ಸಮಾಧಾನವಾಗಿತ್ತು.

"ನಾನು ಇವನನ್ನು ಬಿಟ್ಟು ಹೋಗುವಂತಿಲ್ಲ," ಎಂದ ಮಾಹೆ. "ನಿಯಮ." ಅವನು ಹೇಳುತ್ತಿರುವುದು ನಿಯಮದ ಮಾತಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಹಾಸಿಗೆಯಲ್ಲಿದ್ದ ಶಾಂತಕುಮಾರ ಕಣ್ಣು ಬಿಟ್ಟ. "ಹೋಗು, ಎಲ್ಡರ್," ಎಂದ. ಮತ್ತೆ ನನ್ನ ಕಡೆ ತಿರುಗಿ, "ಅವನು ಭಾಳ ಅಂಜತಾನ್ರಿ. ದಾರಿ ಚೊಲೊತ್ನಾಗ ಹೇಳ್ರಿ," ಎಂದ.

ಒಂದು ಹಾಳೆಯ ಮೇಲೆ ನಕ್ಷೆ ಬರೆದೆ. ಇನ್ನೊಂದರ ಮೇಲೆ ತೆಲುಗಿನಲ್ಲಿ, ಇವರು ರೋಗಿಗೆ ರಕ್ತ ತರಲು ಹೋಗುತ್ತಿದ್ದಾರೆ, ದಯವಿಟ್ಟು ದಾರಿ ಬಿಡಿ ಎಂದು ಬರೆದೆ. ಡಾಕ್ಟರ ಚೀಟಿ, ರಕ್ತದ ಸ್ಯಾಂಪಲ್ಲಿನ ಶೀಶೆ ಕೊಟ್ಟೆ. ಮಾಹೆ ಎಲ್ಲವನ್ನೂ ಹೊಲಿದ ಜೇಬಿಗೆ ಹಾಕಿಕೊಂಡ. ಗಂಟೆ ಮೂರೂ ಹತ್ತು.

ಮುಂದಿನದನ್ನು ಅವನೇ ಆಮೇಲೆ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಹೇಳಿದ್ದು.

ಹೋಗುವಾಗ ಗಲ್ಲಿ ಗಲ್ಲಿಯಲ್ಲಿ ಹೋದ. ಎರಡು ಕಡೆ ದಾರಿ ತಪ್ಪಿದ. ಕೇಳಲು ಬಾಯಿ ಬಾರದೆ ನಕ್ಷೆ ಮುಂದೆ ಹಿಡಿದ. ಒಬ್ಬ ಇಸ್ತ್ರಿ ಅಂಗಡಿಯವನು ಕೈ ಮಾಡಿ ತೋರಿಸಿದ. ಚೌರಸ್ತೆಯಲ್ಲಿ ಆಗಿನ್ನೂ ಜನ ವಿರಳವಾಗಿದ್ದರು, ದಾಟಿದ. ಬ್ಲಡ್ ಬ್ಯಾಂಕಿನಲ್ಲಿ ಮುಕ್ಕಾಲು ಗಂಟೆ ಕಾಯಿಸಿದರು. ಅಲ್ಲಿನ ಹೆಂಗಸು ನಾಲ್ಕು ಚೀಲಗಳನ್ನು ಕವರಿನಲ್ಲಿ ಹಾಕಿ ಕೊಟ್ಟು ಇಂಗ್ಲಿಷಿನಲ್ಲಿ ಹೇಳಿದಳು: ಐಸಿನಲ್ಲಿ ಇಡಬೇಡ, ಬಿಸಿಲಿಗೆ ಹಿಡಿಯಬೇಡ, ಒತ್ತಬೇಡ, ಮೆಲ್ಲಗೆ ಅಲುಗಿಸುತ್ತಾ ಇರು, ನಿಲ್ಲಿಸಬೇಡ.

ಹೊರಗೆ ಬಂದರೆ ರಸ್ತೆಯೇ ಕಾಣಿಸಲಿಲ್ಲ. ಬರುವಾಗ ದಾಟಿದ ಚೌರಸ್ತೆ ಜನರಿಂದ ತುಂಬಿಹೋಗಿತ್ತು. ಲಾರಿಯ ಹಿಂದೆ ಲಾರಿ, ಮನೆಯೆತ್ತರದ ಗಣಪತಿಗಳು, ಎದೆಯೊಳಗೆ ಬಡಿದಂತೆ ಡೋಲು, ಗಾಳಿಯಲ್ಲೆಲ್ಲ ಗುಲಾಲು. ಸಾವಿರಾರು ಗಂಡಸರು, ತಲೆಗೆ ಪಟ್ಟಿ ಕಟ್ಟಿದವರು. ಮಾಹೆ ಒಂದು ಮುಚ್ಚಿದ ಅಂಗಡಿಯ ಷಟರಿಗೆ ಬೆನ್ನು ಒತ್ತಿ ನಿಂತ. ಉಪ್ಪಲಿನ ಗಲ್ಲಿಯ ಮುಖಗಳೇ ಎಲ್ಲರಲ್ಲೂ ಕಂಡವು. ಜೇಬಿನ ಮೇಲೆ ಹೊಸ ಬಿಲ್ಲೆ ಇತ್ತು. ಅದನ್ನು ಕಿತ್ತು ಒಳಗೆ ಇಟ್ಟುಕೊಳ್ಳೋಣ ಎಂದುಕೊಂಡನಂತೆ. ಎರಡೂ ಕೈಯಲ್ಲಿ ಕವರಿತ್ತು, ಅಲುಗಿಸುವುದನ್ನು ನಿಲ್ಲಿಸುವಂತಿರಲಿಲ್ಲ. ಹಾಗಾಗಿ ಬಿಲ್ಲೆ ಅಲ್ಲೇ ಉಳಿಯಿತು.

"ಎಷ್ಟು ಹೊತ್ತು ನಿಂತಿದ್ದೆ?" ಎಂದು ಕೇಳಿದ್ದೆ.

"ಗೊತ್ತಿಲ್ಲ. ಕಾಲು ಬರಲಿಲ್ಲ. ನಾಚಿಕೆಯ ಮಾತು, ಪ್ಯಾಂಟು ಒದ್ದೆಯಾಗಿತ್ತು."

ಆಮೇಲೆ ಹೇಗೆ ಹೊರಟೆ ಎಂದು ಕೇಳಿದೆ. ಕವರಿನೊಳಗೆ ನೋಡಿದ, ಚೀಲಗಳಲ್ಲಿದ್ದ ಪ್ಲೇಟ್‌ಲೆಟ್, ಹಳದಿ ನೀರಿನಂಥದ್ದು, ಅತ್ತಿತ್ತ ಆಡುತ್ತಿತ್ತು, ಹೆಜ್ಜೆ ಇಟ್ಟ ಎಂದಷ್ಟೇ ಹೇಳಿದ. ಜನರ ನಡುವೆ ಹತ್ತು ಮಾರು ಹೋಗುವಷ್ಟರಲ್ಲಿ ಮುಖಕ್ಕೆ ಗುಲಾಲು ಬಿತ್ತು. ಕಣ್ಣು ಉರಿಯಿತು. ಒರೆಸಿಕೊಳ್ಳಲು ಕೈ ಇಲ್ಲ. ಹಿಂದಿನಿಂದ ತಳ್ಳಿದರು. ಅವನು ಕವರನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ಅಲುಗಿಸುತ್ತಾ ನಿಂತ.

ಆಗ ಒಬ್ಬ ಅವನ ಮೊಣಕೈ ಹಿಡಿದ. ನಡುವಯಸ್ಸಿನವನು, ಹಣೆಗೆ ಕೇಸರಿ ಪಟ್ಟಿ, ಕೊರಳಲ್ಲಿ ಸೀಟಿ. ಬಿಲ್ಲೆಯನ್ನು ನೋಡಿದ, ಕವರನ್ನು ನೋಡಿದ, ತೆಲುಗಿನಲ್ಲಿ ಜೋರಾಗಿ ಏನೋ ಕೇಳಿದ. ನನ್ನ ಚೀಟಿ ಜೇಬಿನಲ್ಲಿತ್ತು. ತೆಗೆಯಲಾಗಲಿಲ್ಲ. ನಾಲ್ಕು ತಿಂಗಳ ತೆಲುಗು ಪಾಠದಲ್ಲಿ ಅವನಿಗೆ ಆಗ ನೆನಪಾದದ್ದು ಎರಡೇ ಮಾತು.

"ರಕ್ತಂ," ಎಂದ. "ನಾ ತಮ್ಮುಡು." ರಕ್ತ. ನನ್ನ ತಮ್ಮ.

ಆ ಮನುಷ್ಯ ಅವನನ್ನು ಎಳೆದುಕೊಂಡು ಹೊರಟ. ಎಲ್ಲಿಗೋ ಒಯ್ದು ಹೊಡೆಯುತ್ತಾರೆ ಎಂದೇ ಮಾಹೆ ತಿಳಿದ. ಬಿಡಿಸಿಕೊಂಡು ಓಡುವಷ್ಟು ಬಲ ಅವನಿಗಿತ್ತು. ಓಡಿದರೆ ಚೀಲ ಒಡೆದರೆ ಎಂದು ಸುಮ್ಮನೆ ಹಿಂದೆ ನಡೆದ. ಮುಂದಿನವನು ಸೀಟಿ ಊದುತ್ತಿದ್ದ. ಇನ್ನಿಬ್ಬರು ಬಂದು ಎರಡು ಪಕ್ಕ ಸೇರಿಕೊಂಡರು. ಸುತ್ತುಗಟ್ಟಿದರು, ಮುಗಿಯಿತು ಎಂದುಕೊಂಡ. ಕಣ್ಣು ತೆರೆದುಕೊಂಡೇ ಪ್ರಾರ್ಥನೆ ಮಾಡಿದ. ಡೋಲಿನವರು ಸರಿದರು, ಲಾರಿಯೊಂದು ನಿಂತಿತು. ಚೌರಸ್ತೆಯ ಆಚೆ, ಖಾಲಿ ಗಲ್ಲಿಯ ಬಾಯಿಗೆ ಬಂದು ಆ ಮನುಷ್ಯ ಮೊಣಕೈ ಬಿಟ್ಟ. ಕಾಚಿಗೂಡದ ಕಡೆಗೆ ಕೈ ತೋರಿಸಿದ. ತನ್ನ ಹೆಗಲಿನ ವಸ್ತ್ರದಿಂದ ಮಾಹೆಯ ಕಣ್ಣು ಒರೆಸಿ, ಮಕ್ಕಳಿಗೆ ಹೇಳುವ ಹಾಗೆ ಏನೋ ಹೇಳಿ, ತಿರುಗಿ ಗದ್ದಲದೊಳಗೆ ಹೋದ. ತನ್ನನ್ನು ದಾಟಿಸಿದರು ಎಂದು ಮಾಹೆಗೆ ತಿಳಿದದ್ದೇ ಆಗ.

ಐದೂಕಾಲಿಗೆ ಅವನು ವಾರ್ಡಿನ ಬಾಗಿಲಲ್ಲಿ ನಿಂತಾಗ ನಾನು ಗುರುತು ಹಿಡಿಯಲಿಲ್ಲ. ತಲೆಯಿಂದ ಸೊಂಟದ ತನಕ ಗುಲಾಬಿ ಬಣ್ಣ. ಕವರು ಇನ್ನೂ ಅಲುಗುತ್ತಿತ್ತು. ನರ್ಸು ಕೈಯಿಂದ ತೆಗೆದುಕೊಂಡ ಮೇಲೂ ಅವನ ಕೈಗಳು ಹಾಗೇ ಆಡುತ್ತಿದ್ದವು. ಗೋಡೆಗೆ ಒರಗಿ ಕೆಳಗೆ ಕೂತು, ಶಾಂತಕುಮಾರನ ಮಂಚದ ಕಬ್ಬಿಣದ ಕಾಲು ಹಿಡಿದುಕೊಂಡ. ರಾತ್ರಿ ಡಾಕ್ಟರು ಬಂದು ಎಬ್ಬಿಸುವವರೆಗೆ ಬಿಡಲಿಲ್ಲ.

ಮರುದಿನ ಬೆಂಗಳೂರಿನ ಫೋನು ಸಿಕ್ಕಿತು. ಅವರ ಅಲ್ಲಿನ ಮುಖ್ಯಸ್ಥರು ವಯಸ್ಸಾದ ವಿದೇಶಿ. ಒಬ್ಬನೇ ಹೋಗಿದ್ದೆ ಎಂದು ಮಾಹೆ ಅವರಿಗೆ ಹೇಳಬೇಕಿತ್ತು. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾತಾಡಿದ. ಎಲ್ಲ ಹೇಳಿ ಮುಗಿಸಿದ. ಆಮೇಲೆ ಅವರು ಕೇಳಿದ್ದು, "ಊಟ ಮಾಡಿದೆಯಾ, ಮಗನೇ?"

ನನಗೆ ಕೆಲಸ ಕೊಡುವ ಆಫೀಸಿನ ಇಬ್ಬರು ಬಂದು ಬದಲಿ ರಕ್ತ ಕೊಟ್ಟರು. ಅವ್ವ ದಿನಾ ಗಂಜಿ ತಂದಳು. ಬೀದರಿನಿಂದ ಶಾಂತಕುಮಾರನ ತಾಯಿ ಬಂದರು. ಒಂಬತ್ತನೇ ದಿನ ಅವನು ಎದ್ದು ನಡೆದ. ಸುಧಾರಿಸಿಕೊಳ್ಳಲು ಅವನನ್ನು ಬೀದರಿಗೆ ಕಳಿಸಿದರು. ಬೆಂಗಳೂರಿನಿಂದ ಬೇರೆ ಹುಡುಗನೊಬ್ಬ ಮಾಹೆಗೆ ಜೊತೆಯಾಗಿ ಬಂದ. ಅಕ್ಟೋಬರಿನಲ್ಲಿ ಮಾಹೆಗೂ ಬೆಂಗಳೂರಿಗೆ ವರ್ಗವಾಯಿತು.

ಕಾಚಿಗೂಡ ಸ್ಟೇಷನ್ನಿಗೆ ನಾವೂ ಹೋದೆವು. ಅವ್ವ ಕೇಳಿದಳು, "ಈಗರ ಅಂಜಿಕಿ ಹೋತೇನಪಾ?"

ನಾನು ಇಂಗ್ಲಿಷಿಗೆ ತಿರುಗಿಸಿದೆ. ಅವನು ಇಲ್ಲ ಎಂದು ತಲೆಯಾಡಿಸಿದ. "ಅದು ಹೋಗುತ್ತದೆ ಎಂದು ಕಾಯುತ್ತಿದ್ದೆ. ಈಗ ಕಾಯುವುದಿಲ್ಲ," ಎಂದ. ಅವ್ವ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಹುಚ್ಚಪ್ಪ," ಎಂದಳು. ರೈಲು ಬಂತು.

ಶಾಂತಕುಮಾರ ಗುಣವಾಗಿ ಮರಳಿ ತನ್ನ ಅವಧಿ ಮುಗಿಸಿದ. ಈಗ ಬೀದರಿನಲ್ಲಿ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದಾನೆ. ಅವನ ಮದುವೆಗೆ ಹೋದಾಗ ಮಾಹೆ ಬರೆದ ಪತ್ರ ತೋರಿಸಿದ. ಮಾಹೆ ಎರಡು ವರ್ಷ ಪೂರ್ತಿ ಮುಗಿಸಿ ದ್ವೀಪಕ್ಕೆ ಮರಳಿದ್ದ. ಮೊದಲ ಭಾನುವಾರ ಚರ್ಚಿನಲ್ಲಿ ನಿಂತು ಇಂಡಿಯಾದ ವಿಷಯ ಹೇಳು ಎಂದರಂತೆ. ದೇವರು ಮಾಡಿದ ಪವಾಡ ಕೇಳಲು ಎಲ್ಲರೂ ಕೂತಿದ್ದರು, ಮುಂದಿನ ಸಾಲಿನಲ್ಲಿ ಅಪ್ಪ. ಮಾಹೆ ಷಟರಿಗೆ ಒರಗಿ ನಿಂತದ್ದು, ಪ್ಯಾಂಟು ಒದ್ದೆಯಾದದ್ದು, ಎಲ್ಲವನ್ನೂ ಹೇಳಿದ. ಹೊರಗೆ ಬಂದಾಗ, ಬದುಕೆಲ್ಲ ಸಮುದ್ರದಲ್ಲಿ ಕಳೆದ ಮುದಿ ಮೀನುಗಾರನೊಬ್ಬ ಹತ್ತಿರ ಬಂದು, ತನಗೂ ಎರಡು ಸಲ ಹಾಗೆ ಆಗಿತ್ತು, ಇದುವರೆಗೆ ಯಾರಿಗೂ ಹೇಳಿರಲಿಲ್ಲ ಎಂದನಂತೆ. ಅಪ್ಪ ಮನೆಯ ತನಕ ಮಗನ ಪಕ್ಕದಲ್ಲಿ ನಡೆದು ಬಂದರು ಎಂದು ಬರೆದಿದ್ದ.